ಗುಂಡಿ ಮುಚ್ಚಲಾಗಿದೆ

ನಮ್ಮ ಕಾರ್ಯಕ್ರಮದ ಹೆಸರು ‘ಹೇಳಿ, ಕೇಳುತ್ತಿದ್ದೇವೆ’. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಐದರಿಂದ ಆರರವರೆಗೆ ರೇಡಿಯೋದಲ್ಲಿ ನೇರಪ್ರಸಾರ. ಊರಿನವರು ಫೋನ್ ಮಾಡಿ ತಮ್ಮ ಬೀದಿಯ ತೊಂದರೆ ಹೇಳುತ್ತಾರೆ, ನಗರಸಭೆಯ ಅಧಿಕಾರಿಗಳು ಉತ್ತರ ಕೊಡುತ್ತಾರೆ, ನಡುವೆ ಎರಡು ಹಾಡು. ಹನ್ನೊಂದು ವರ್ಷದಿಂದ ಇದರ ನಿರ್ಮಾಪಕಿ ನಾನೇ. ಇಷ್ಟು ವರ್ಷದಲ್ಲಿ ನಿಮ್ಮಿಂದ ಒಂದು ತೊಂದರೆಯಾದರೂ ಬಗೆಹರಿದಿದೆಯಾ ಎಂದು ಯಾರಾದರೂ ಕೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಒಂದು ಬಗೆಹರಿದಿದೆ. ಅದರ ಕಥೆ ಇದು.

ನಮ್ಮಲ್ಲಿ ನಿರೂಪಣೆ ಮಾಡುವವನನ್ನು ಎಲ್ಲರೂ ಜೇನು ಎನ್ನುತ್ತೇವೆ. ಅವನ ಗಂಟಲಿನಿಂದ ಬಂದರೆ ಚರಂಡಿಯ ಸುದ್ದಿಯೂ ಲಾಲಿಯ ಹಾಗೆ ಕೇಳುತ್ತದೆ. ಸಿಟ್ಟಿನಿಂದ ಫೋನ್ ಮಾಡಿದವರು ಅರ್ಧಕ್ಕೇ ಕರಗಿ, ನಿಮ್ಮ ದನಿ ಎಷ್ಟು ಚೆನ್ನಾಗಿದೆ ಎಂದು ಹೇಳಿ ಇಟ್ಟುಬಿಡುತ್ತಾರೆ. ಧ್ವನಿಯ ಕೆಲಸ ನೋಡಿಕೊಳ್ಳುವ ಎಂಜಿನಿಯರ್‌ನ ಹೆಸರು ಕತ್ತರಿ. ಯಾರ ಮಾತಿನಿಂದ ಯಾವ ಕೆಮ್ಮನ್ನು ಬೇಕಾದರೂ ಗಾಯವಾಗದಂತೆ ಕತ್ತರಿಸಿ ತೆಗೆಯಬಲ್ಲ. ನಿರ್ದೇಶಕರಿಗೆ ಅಡ್ಡಹೆಸರಿಲ್ಲ. ಅಡ್ಡಹೆಸರು ಬೀಳಬೇಕಾದರೆ ಮನುಷ್ಯ ಏನಾದರೂ ಮಾಡಿರಬೇಕು. ಅವರು ಬಂದ ಮೇಲೆ ಆದ ಒಂದೇ ಕೆಲಸ ಎಂದರೆ ಬಾಗಿಲ ಮೇಲಿನ ಫಲಕ: ‘ಈ ಕೋಣೆಯಲ್ಲಿ ಪರಭಾಷೆಯ ಪದ ಬಳಸಬಾರದು.’ ಸ್ಟುಡಿಯೋ ಎಂಬುದಕ್ಕೆ ಬದಲಿ ಪದ ಅವರಿಗೆ ಇನ್ನೂ ಸಿಕ್ಕಿಲ್ಲ, ಹಾಗಾಗಿ ಅದು ‘ಈ ಕೋಣೆ’.

ಈ ಫಲಕದಿಂದಾಗಿ ಫೋನ್ ಮಾಡುವವರಿಗೆ ಪಾಠ ಹೇಳುವ ಕೆಲಸವೂ ನನ್ನ ತಲೆಗೇ ಬಿತ್ತು. ನೇರಪ್ರಸಾರಕ್ಕೆ ಬಿಡುವ ಮುನ್ನ ಪ್ರತಿಯೊಬ್ಬರಿಗೂ ಪೈಪು ಅನ್ನಬೇಡಿ ಕೊಳವೆ ಅನ್ನಿ, ಲೈಟು ಅನ್ನಬೇಡಿ ದೀಪ ಅನ್ನಿ ಎಂದು ತಿದ್ದಬೇಕು. ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಹೇಳಲು ಫೋನ್ ಮಾಡಿದ ಒಬ್ಬ ಮುದುಕರಿಗೆ ‘ವಿದ್ಯುತ್ ಪರಿವರ್ತಕ’ ಎಂದು ಐದು ಸಲ ಹೇಳಿಸಿದೆ. ಆರನೆಯ ಸಲ ಅವರು ನೇರಪ್ರಸಾರದಲ್ಲಿ ಆ ಪದವನ್ನು ತಪ್ಪಿಲ್ಲದೆ ಹೇಳಿದರು, ಸುಟ್ಟಿದ್ದು ಯಾವ ಬೀದಿಯಲ್ಲಿ ಎಂಬುದನ್ನು ಮರೆತರು.

ಇನ್ನು ನಗರಸಭೆಯ ರಸ್ತೆ ಅಧಿಕಾರಿ. ಇವರ ಉತ್ತರ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಅದರಲ್ಲಿ ಬೀದಿಯ ಹೆಸರಿಲ್ಲ, ದಿನಾಂಕವಿಲ್ಲ, ‘ಹೌದು’ ಇಲ್ಲ, ‘ಅಲ್ಲ’ ಇಲ್ಲ. ವಾರದಲ್ಲಿ ಎರಡು ಸಲ ಫೋನಿನಲ್ಲಿ ಸಿಗುತ್ತೇನೆ ಎಂದು ಒಪ್ಪಿಕೊಂಡಿದ್ದರು, ತಿಂಗಳಿಗೆ ಎರಡು ಸಲ ಸಿಕ್ಕರೆ ನಮ್ಮ ಪುಣ್ಯ. ಒಂದು ಸಂಜೆ ಅವರು ಕೈಕೊಟ್ಟಾಗ, ಜೇನು ಬಾಯಿ ಒಣಗಿಸಿಕೊಂಡು ಕೂತಿದ್ದಾಗ, ಕತ್ತರಿ ಅಧಿಕಾರಿಯ ಹಳೆಯ ಉತ್ತರವೊಂದನ್ನು ಹುಡುಕಿ ಹಾಕಿಬಿಟ್ಟ. ಒಬ್ಬರಿಗೂ ಗೊತ್ತಾಗಲಿಲ್ಲ. ಮರುದಿನ ಅಧಿಕಾರಿಯೇ ಫೋನ್ ಮಾಡಿದಾಗ ನನ್ನ ಜೀವ ಬಾಯಿಗೆ ಬಂತು.

“ನಿನ್ನೆ ಚೆನ್ನಾಗಿ ಮಾತಾಡಿದ್ರಿ ಅಂತ ನನ್ನ ಹೆಂಡತಿ ಹೇಳಿದಳು ಮೇಡಂ. ನಾನು ಯಾವಾಗ ಮಾತಾಡಿದೆ?”

“ನಿನ್ನೆ ಸಾರ್. ಐದೂ ಕಾಲಿಗೆ.”

“ಹೌದಾ? ಸರಿ ಸರಿ.”

ಅಲ್ಲಿಂದ ಮುಂದೆ ನಮಗೆ ಅವರ ಹಂಗು ತಪ್ಪಿತು. ಅವರ ಉತ್ತರಗಳನ್ನೆಲ್ಲ ಕತ್ತರಿ ತುಂಡು ಮಾಡಿ ವಿಷಯವಾರು ಜೋಡಿಸಿಟ್ಟ. ಇದು ಮೋಸ ಎಂದು ನನಗೆ ಅನ್ನಿಸಿತ್ತಾ? ಅನ್ನಿಸಿತ್ತು. ಆದರೆ ಅವರು ಖುದ್ದಾಗಿ ಬಂದರೂ ಅದನ್ನೇ ಹೇಳುತ್ತಿದ್ದರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮನೆಯೆದುರಿನ ಹೆದ್ದಾರಿಯ ಆಚೆಗೆ ಆಸ್ಪತ್ರೆ, ಅದರ ಹೊಲಿಗೆ ಕೋಣೆಯಲ್ಲಿ ಅವಳು ಹಾಸಿಗೆ ಹೊದಿಕೆಗಳಿಗೆ ತೇಪೆ ಹಾಕುತ್ತಾಳೆ, ದಿನಾ ಹತ್ತರಿಂದ ಐದೂವರೆವರೆಗೆ. ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದ ಮೇಲೆ ಊರುಗೋಲು ಹಿಡಿದೇ ನಡೆಯುವುದು. ರಸ್ತೆಯ ಮೇಲೊಂದು ಸೇತುವೆಯಿದೆ, ಹತ್ತಲು ನಲವತ್ತಾರು ಮೆಟ್ಟಿಲು. ಅವಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಳಗೆ ದಾಟುವ ಕಡೆ ಕಂಬದಲ್ಲೊಂದು ಬಟನ್ ಇದೆ. ಅದನ್ನು ಒತ್ತಿದರೆ ಮಾತ್ರ ಗಾಡಿಗಳಿಗೆ ಕೆಂಪು ಬಿದ್ದು, ನಡೆಯುವವರಿಗೆ ಇಪ್ಪತ್ತು ಸೆಕೆಂಡು ಹಸಿರು ಬರುತ್ತದೆ. ಉಳಿದವರು ಸಂದು ನೋಡಿ ಓಡುತ್ತಾರೆ. ಅಕ್ಕನಿಗೆ ಆ ಇಪ್ಪತ್ತು ಸೆಕೆಂಡೇ ಗತಿ.

ಆ ಬಟನ್ ಈ ವರ್ಷ ಮೊಂಡಾಟ ಶುರುಮಾಡಿತು. ಹತ್ತು ಸಲ ಒತ್ತಿದರೆ ಒಂದು ಸಲ ಮಾತು ಕೇಳುತ್ತಿತ್ತು. ಅಕ್ಕ ಹತ್ತೂ ಸಲ ಒತ್ತುತ್ತಾ ನಿಂತಿರುತ್ತಿದ್ದಳು.

“ನಿಮ್ಮ ಕಾರ್ಯಕ್ರಮಕ್ಕೆ ಹೇಳ್ಲೇನೇ?” ಎಂದು ಕೇಳಿದಳು.

“ನಮ್ಮ ಮನೆಯವರು ಫೋನ್ ಮಾಡೋ ಹಾಗಿಲ್ಲ ಅಕ್ಕಾ. ನಿಯಮ ಇದೆ.”

ಅಂಥ ನಿಯಮವೇನೂ ಇಲ್ಲ. ಊರಿನ ಮೂಗಿಗೆ ತುಪ್ಪ ಸವರುವುದು ನನ್ನ ಉದ್ಯೋಗ. ಅಕ್ಕನ ಮೂಗಿಗೂ ಸವರಲು ಮನಸ್ಸು ಬರಲಿಲ್ಲ, ಅಷ್ಟೆ.

ಅವಳು ನಿಯಮಕ್ಕೆಲ್ಲ ಬಗ್ಗುವವಳಲ್ಲ. ಅವಳ ವಾರದ ರಜೆಯ ದಿನ, ಒಂದು ಬುಧವಾರ, ಐದೂ ಹತ್ತಕ್ಕೆ ಫೋನ್ ಬಂತು. ನಾನೇ ಎತ್ತಿದೆ.

“ನಾನೇ ಕಣೇ,” ಅಂದಳು ಅಕ್ಕ.

“ಫೋನ್ ಇಡು ಅಕ್ಕಾ.”

“ಯಾಕೆ ಇಡ್ಬೇಕು? ನಾನೂ ಈ ಊರಿನವಳೇ ಅಲ್ವಾ?”

ಆ ದಿನ ಬೇರೆ ಒಂದೂ ಫೋನ್ ಬಂದಿರಲಿಲ್ಲ. ಗಾಜಿನಾಚೆಯಿಂದ ಜೇನು ಕೈಸನ್ನೆ ಮಾಡುತ್ತಿದ್ದ, ಹಾಡು ಮುಗಿಯಲು ಅರ್ಧ ನಿಮಿಷವಿತ್ತು. ಏನು ಹೇಳುತ್ತೀಯ ಎಂದು ಅಕ್ಕನನ್ನು ಕೇಳಿದೆ.

“ಆಸ್ಪತ್ರೆ ಮುಂದೆ ರಸ್ತೆ ದಾಟೋ ಕಡೆ ಬಟನ್ನು ಕೆಟ್ಟಿದೆ ಅಂತೀನಿ.”

“ಬಟನ್ ಅನ್ನಬೇಡ. ಗುಂಡಿ ಅನ್ನು.”

“ಗುಂಡಿ ಅಂದ್ರೆ ರಸ್ತೇಲಿ ಹಳ್ಳ ಬಿದ್ದಿದೆ ಅಂದ್ಕೊಳಲ್ವೇನೇ?”

“ಅಂಗಿ ಗುಂಡಿ ಅನ್ನಲ್ವಾ, ಹಾಗೆ. ಎಲ್ರಿಗೂ ಅರ್ಥ ಆಗುತ್ತೆ.”

ಈ ಮಾತನ್ನು ನಾನೇ ಆಡಿದ್ದು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎನ್ನುತ್ತಾರೆ. ನಾನು ತೋಡಿದ್ದಕ್ಕೆ ಬಿದ್ದವಳು ಅಕ್ಕ.

“ಆಸ್ಪತ್ರೆ ಮುಂದೆ ದಾಟೋ ಕಡೆ ಗುಂಡಿ ಕೆಟ್ಟಿದೆ ಸಾರ್,” ಎಂದಳು ನೇರಪ್ರಸಾರದಲ್ಲಿ. “ತುಂಬ ಜನಕ್ಕೆ ತೊಂದರೆ ಆಗ್ತಿದೆ. ದಯವಿಟ್ಟು ಏನಾದ್ರೂ ಮಾಡಿ.”

ಜೇನು ಗುಂಡಿಗಳ ಬಗ್ಗೆ, ಬಿದ್ದ ದ್ವಿಚಕ್ರ ಸವಾರರ ಬಗ್ಗೆ, ಉಳುಕಿದ ಬೆನ್ನುಗಳ ಬಗ್ಗೆ ಒಂದು ನಿಮಿಷ ಕರುಣೆಯಿಂದ ಮಾತಾಡಿದ. ಆಮೇಲೆ, “ದೂರವಾಣಿಯಲ್ಲಿರುವ ಅಧಿಕಾರಿಗಳೇ, ಏನು ಹೇಳುತ್ತೀರಿ?” ಎಂದ. ಅಧಿಕಾರಿಗಳು ಫೋನಿನಲ್ಲಿರಲಿಲ್ಲ, ಆ ದಿನ ಊರಲ್ಲೇ ಇರಲಿಲ್ಲ. ಗುಂಡಿ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಕತ್ತರಿಯ ಬೆರಳು ಓಡಿತ್ತು. ಗುಂಡಿಯ ಮೇಲೆ ನಮ್ಮಲ್ಲಿ ಒಂಬತ್ತು ಉತ್ತರಗಳಿದ್ದವು, ಅವುಗಳಲ್ಲಿ ಒಂದರಲ್ಲಿ ಮಾತ್ರ ಅಧಿಕಾರಿ ಮೈಮರೆತು ಗಡುವು ಹೇಳಿದ್ದರು. ಯಾವುದನ್ನು ಹಾಕುತ್ತಿದ್ದಾನೆ ಎಂದು ನನಗೆ ಪರದೆಯ ಮೇಲೆ ಕಂಡಿತು. ಕೈ ಎತ್ತಿದ್ದರೆ ನಿಲ್ಲಿಸುತ್ತಿದ್ದ. ಯಾವ ಉತ್ತರವಾದರೇನು, ಆಗುವುದು ಏನೂ ಇಲ್ಲವಲ್ಲ ಎಂದುಕೊಂಡು ಸುಮ್ಮನಿದ್ದೆ.

“ಆ ಗುಂಡಿ ನಮ್ಮ ಗಮನದಲ್ಲಿದೆ. ಹದಿನೈದು ದಿನದೊಳಗೆ ಖಂಡಿತ ಮುಚ್ಚಿಸ್ತೀವಿ,” ಎಂದಿತು ಅಧಿಕಾರಿಯ ದನಿ.

ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ಕಾದಿದ್ದಳು. “ಮುಚ್ಚಿಸ್ತೀವಿ ಅಂದ್ರಲ್ಲೇ?”

“ಬಾಯಿ ತಪ್ಪಿ ಅಂದಿರ್ತಾರೆ. ಸರಿ ಮಾಡಿಸ್ತೀವಿ ಅಂತ ಅರ್ಥ.”

“ಹದಿನೈದು ದಿನ ಅಂದ್ರು,” ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತುಹಾಕಿದಳು.

ನಮ್ಮ ದುರದೃಷ್ಟಕ್ಕೆ ಆ ಸಂಜೆ ನಗರಸಭೆಯ ಅಧ್ಯಕ್ಷರು ಕಾರಿನಲ್ಲಿ ರೇಡಿಯೋ ಕೇಳುತ್ತಿದ್ದರು. ಅವರಿಗೆ ಚುನಾವಣೆ ಹತ್ತಿರವಿತ್ತು. ರಸ್ತೆ ಅಧಿಕಾರಿಯನ್ನು ಕರೆಸಿ, ಊರಿಗೆಲ್ಲ ಕೇಳುವ ಹಾಗೆ ಮಾತು ಕೊಟ್ಟಿದ್ದೀರಿ, ಮುಚ್ಚಿಸದಿದ್ದರೆ ನನ್ನ ಮಾನ ಹೋಗುತ್ತದೆ ಎಂದರು. ತಾನು ಹಾಗೆ ಹೇಳಿದ ನೆನಪು ಅಧಿಕಾರಿಗಿರಲಿಲ್ಲ, ಹೇಳಿಲ್ಲ ಎಂಬ ನೆನಪೂ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಅವರು. ಆದೇಶಕ್ಕೆ ರುಜು ಹಾಕಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಮೇಸ್ತ್ರಿಯೊಬ್ಬ ಜಲ್ಲಿ, ಟಾರು, ನಾಲ್ಕು ಆಳುಗಳೊಂದಿಗೆ ಆಸ್ಪತ್ರೆಯ ಮುಂದೆ ಬಂದಿಳಿದ. ಊರಿನಲ್ಲಿ ಗುಂಡಿಯಿಲ್ಲದ ರಸ್ತೆ ಅದೊಂದೇ. ಎರಡು ಗಂಟೆ ಹುಡುಕಿದ ಮೇಲೆ ಆಸ್ಪತ್ರೆಯ ಗೇಟು ಕಾಯುವವನನ್ನು ಇಲ್ಲಿ ಕೆಟ್ಟ ಗುಂಡಿ ಎಲ್ಲಪ್ಪಾ ಎಂದು ಕೇಳಿದನಂತೆ. ಕಾವಲುಗಾರ ಪ್ರಾಮಾಣಿಕ ಮನುಷ್ಯ. ಕಂಬ ತೋರಿಸಿ, “ಇದೇ ನೋಡಿ ಗುಂಡಿ. ಆಚೆ ಕಡೇಲೂ ಒಂದಿದೆ,” ಎಂದ. ಮೇಸ್ತ್ರಿ ಆದೇಶವನ್ನು ಇನ್ನೊಮ್ಮೆ ಓದಿದ. ಗುಂಡಿ ಮುಚ್ಚುವುದು ಎಂದಿತ್ತು. ಎರಡು ದಪ್ಪ ತಗಡು ತರಿಸಿ, ಒಂದೊಂದಕ್ಕೆ ನಾಲ್ಕು ಬೋಲ್ಟು ಹಾಕಿ, ಎರಡೂ ಕಂಬದ ಗುಂಡಿಗಳನ್ನು ಭದ್ರವಾಗಿ ಮುಚ್ಚಿದ. ಮುಚ್ಚುವ ಮೊದಲು ಒಂದು ಫೋಟೋ, ಮುಚ್ಚಿದ ಮೇಲೆ ಒಂದು. ಅವನನ್ನು ನಾನು ಪೆದ್ದ ಎನ್ನುವುದಿಲ್ಲ. ಯೋಚನೆ ಮಾಡಿದ್ದಕ್ಕೆ ಯಾರೂ ಅವನಿಗೆ ಯಾವತ್ತೂ ಭೇಷ್ ಎಂದಿರಲಾರರು.

ಆ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಅಕ್ಕ ಆಸ್ಪತ್ರೆಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಐದೂವರೆಯಿಂದ ಅಲ್ಲೇ ಇದ್ದಳು, ಆಗ ಏಳಕ್ಕೆ ಹತ್ತು ನಿಮಿಷವಿತ್ತು.

“ಮುಚ್ಚಿಸಿದಾರೆ ಕಣೇ,” ಎಂದಳು.

ಕಂಬದ ಕಡೆ ನೋಡಿದೆ. ನನಗೆ ನಗು ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಮೊದಲು ಬಂದದ್ದು ನಗುವೇ. ಆಮೇಲೆ ಅಕ್ಕನ ಮುಖ ನೋಡಿದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಹತ್ತರಲ್ಲಿ ಒಂದು ಸಲವಾದರೂ ಬರುತ್ತಿದ್ದ ಹಸಿರು ಇನ್ನು ಬರುವುದಿಲ್ಲ ಎಂಬ ಲೆಕ್ಕ ಅವಳಿಗೆ ಆಗಲೇ ಆಗಿಹೋಗಿತ್ತು.

“ನಾಳೇನೇ ತೆಗೆಸ್ತೀನಿ,” ಎಂದೆ. “ಎರಡು ದಿನ ರಜ ಹಾಕು.”

ಮರುದಿನ ಅಧಿಕಾರಿಯ ಮೇಜಿನ ಮುಂದೆ ನಿಂತೆ. ಅವರು ಕಡತ ತಿರುಗಿಸಿ ತೋರಿಸಿದರು. ದೂರು: ಗುಂಡಿ. ಕ್ರಮ: ಗುಂಡಿ ಮುಚ್ಚಲಾಗಿದೆ.

“ಅದು ಆ ಗುಂಡಿ ಅಲ್ಲ ಸಾರ್. ಒತ್ತೋ ಗುಂಡಿ.”

“ಇರಬಹುದು ಮೇಡಂ. ಆದ್ರೆ ಮುಚ್ಚಿದ ಗುಂಡೀನ ತೆಗೆಯೋಕೆ ನಮ್ಮಲ್ಲಿ ಅವಕಾಶ ಇಲ್ಲ. ರಸ್ತೆ ಅಗೆಯೋದು ಬೇರೆ ವಿಭಾಗ.”

“ನೀವು ಹೇಳಿದ್ರೆ ತೆಗೀತಾರೆ.”

“ಮುಚ್ಚಿಸ್ತೀನಿ ಅಂತ ನಾನೇ ರೇಡಿಯೋದಲ್ಲಿ ಹೇಳಿದೀನಲ್ಲ. ನನ್ನ ಹೆಂಡತಿ ಕಿವಿಯಾರೆ ಕೇಳಿದಾಳೆ.”

ನೀವು ಹೇಳಲಿಲ್ಲ ಸಾರ್, ನಾವು ಹೇಳಿಸಿದೆವು ಎಂದು ಆಗಲೇ ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡರೆ ನನ್ನ ಕೆಲಸವೂ ಕತ್ತರಿಯ ಕೆಲಸವೂ ಹೋಗುತ್ತಿತ್ತು. ಅಷ್ಟು ಗುಂಡಿಗೆ ನನಗಿರಲಿಲ್ಲ. ವಾಪಸು ಬಂದರೆ ನಮ್ಮ ನಿರ್ದೇಶಕರು ಮೊದಲ ಸಲ ಕುರ್ಚಿ ಬಿಟ್ಟು ಎದ್ದು ಓಡಾಡುತ್ತಿದ್ದರು. ಗುಂಡಿ ಮುಚ್ಚಲಾಗಿದೆ ಎಂಬ ನಗರಸಭೆಯ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹನ್ನೊಂದು ವರ್ಷದಲ್ಲಿ ಮೊದಲನೆಯದು. ಮುಂದಿನ ಶುಕ್ರವಾರ ವಿಶೇಷ ಸಂಚಿಕೆ ಮಾಡಬೇಕು, ಅಧಿಕಾರಿಯೂ ದೂರು ಕೊಟ್ಟ ಹೆಂಗಸೂ ಸ್ಟುಡಿಯೋಗೆ ಬರಬೇಕು ಎಂದರು. ಆ ಹೆಂಗಸು ನನ್ನ ಅಕ್ಕ ಎಂದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ತಿಳಿಸಿದಾಗ ಅಧಿಕಾರಿ ಮೆತ್ತಗಾದರು. “ಆಯಮ್ಮ ಬಂದು ನಾಲ್ಕು ಒಳ್ಳೇ ಮಾತಾಡ್ಲಿ ಮೇಡಂ. ಆಮೇಲೆ ತಗಡಿನ ವಿಚಾರ ನೋಡೋಣ.”

ಅದನ್ನೇ ದೊಡ್ಡ ವರವೆಂಬಂತೆ ಮನೆಗೆ ಹೊತ್ತು ತಂದೆ. ಅಷ್ಟರಲ್ಲಿ ಅಕ್ಕನ ರಜೆ ಎರಡು ದಿನದಿಂದ ಆರು ದಿನಕ್ಕೆ ಬೆಳೆದಿತ್ತು. ಬೆಳಿಗ್ಗೆ ಕೈಹಿಡಿದು ದಾಟಿಸಿ ಹೋಗಬಹುದಿತ್ತು, ಆದರೆ ಸಂಜೆ ಐದೂವರೆಗೆ ನಾನು ನೇರಪ್ರಸಾರದಲ್ಲಿರುತ್ತೇನೆ ಎಂದು ನೆಪ ಹೇಳುತ್ತಿದ್ದೆ. ಸೋಮವಾರ ಬರದಿದ್ದರೆ ಆ ಮೆಷಿನ್ನಿಗೆ ಬೇರೆಯವರನ್ನು ಕೂರಿಸುತ್ತೇವೆ ಎಂದು ಹೊಲಿಗೆ ಕೋಣೆಯ ಮೇಲ್ವಿಚಾರಕಿ ಹೇಳಿಕಳಿಸಿದ್ದಳು. ಹದಿನೇಳು ವರ್ಷದಿಂದ ಅಕ್ಕ ಕೂತ ಮೆಷಿನ್ ಅದು.

“ಮೊದಲು ಧನ್ಯವಾದ, ಆಮೇಲೆ ಕೆಲಸ. ಹಾಗಾ?” ಎಂದು ಕೇಳಿದಳು ಅಕ್ಕ.

“ಒಂದು ಸಲ ಹೇಳಿಬಿಡು ಅಕ್ಕಾ. ನನಗೋಸ್ಕರ.”

“ಧನ್ಯವಾದ ಹೇಳ್ತೀನಿ. ಸುಳ್ಳು ಹೇಳಲ್ಲ,” ಎಂದಳು.

ಶುಕ್ರವಾರ ಆಟೋದಲ್ಲಿ ಕರೆದುಕೊಂಡು ಬಂದೆ. ಹೊಸ ಬಟ್ಟೆ ಉಟ್ಟಿದ್ದಳು, ಊರುಗೋಲನ್ನೂ ಒರೆಸಿಕೊಂಡು ಬಂದಿದ್ದಳು. ಕಿವಿಗೆ ಹೆಡ್‌ಫೋನು ಬೇಡ, ತಲೆ ನೋಯುತ್ತದೆ ಎಂದಳು. ಎದುರಿಗೆ ಅಧಿಕಾರಿ, ನಡುವೆ ಜೇನು, ಗಾಜಿನ ಈಚೆಗೆ ನಾನು, ಕತ್ತರಿ, ನಮ್ಮ ಬೆನ್ನ ಹಿಂದೆ ನಿರ್ದೇಶಕರು.

ನಾವು ನೇರಪ್ರಸಾರ ಎನ್ನುವುದು ಅಷ್ಟೇನೂ ನೇರವಲ್ಲ. ಒಳಗೆ ಆಡಿದ ಮಾತು ಊರಿಗೆ ಏಳು ಸೆಕೆಂಡು ತಡವಾಗಿ ಮುಟ್ಟುತ್ತದೆ. ಯಾರಾದರೂ ಕೆಟ್ಟದಾಗಿ ಬೈದರೆ ಅಷ್ಟರಲ್ಲಿ ಕತ್ತರಿಸಬೇಕು. ಅದಕ್ಕೊಂದು ಕೀಲಿ ನನ್ನ ಕೈಯಳತೆಯಲ್ಲಿರುತ್ತದೆ. ಒತ್ತಿದರೆ ಮಾತು ನಿಂತು ಕಾರ್ಯಕ್ರಮದ ಸಂಗೀತ ಬರುತ್ತದೆ. ಒಳಗೆ ಕೂತವರಿಗೆ ಇದು ಗೊತ್ತಾಗುವುದಿಲ್ಲ.

“ನಮಸ್ಕಾರ,” ಎಂದಳು ಅಕ್ಕ. “ನಾನು ದೂರು ಕೊಟ್ಟು ಹತ್ತು ದಿನವೂ ಆಗಿರಲಿಲ್ಲ, ಬಂದು ಕೆಲಸ ಮಾಡಿದ್ರಿ. ಇಷ್ಟು ಬೇಗ ಯಾರು ಮಾಡ್ತಾರೆ? ತುಂಬ ಧನ್ಯವಾದ.”

ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ಅಧಿಕಾರಿ ಕೈಮುಗಿದರು. ಅಕ್ಕ ಮೈಕಿನ ಹತ್ತಿರ ಸ್ವಲ್ಪ ಬಾಗಿದಳು.

“ಆದ್ರೆ ಸಾರ್, ನಾನು ಹೇಳಿದ್ದು ಬಟನ್ನು. ಹಳ್ಳ ಅಲ್ಲ, ಬಟನ್ನು...”

ನಾನು ಕೀಲಿ ಒತ್ತಿದೆ. ಯಾರೂ ಹೇಳಲಿಲ್ಲ. ನಿರ್ದೇಶಕರಿಗೆ ಇನ್ನೂ ಅರ್ಥವೇ ಆಗಿರಲಿಲ್ಲ, ಅಧಿಕಾರಿ ಕೈಮುಗಿದೇ ಇದ್ದರು. ನನ್ನ ಬೆರಳು ನನ್ನನ್ನೂ ಕೇಳದೆ ಒತ್ತಿತು ಎಂದು ಬರೆದರೆ ಅದೊಂದು ಸುಳ್ಳಾಗುತ್ತದೆ. ಕೇಳಿಯೇ ಒತ್ತಿತು.

ಊರಿನಲ್ಲಿ ಕೊಳಲು ಕೇಳುತ್ತಿತ್ತು. ಒಳಗೆ ಅಕ್ಕ ಮಾತಾಡುತ್ತಲೇ ಇದ್ದಳು. ತಗಡಿನ ಬಗ್ಗೆ, ನಲವತ್ತಾರು ಮೆಟ್ಟಿಲಿನ ಬಗ್ಗೆ, ಆ ರಸ್ತೆ ದಾಟಲಾರದೆ ಆಸ್ಪತ್ರೆಗೆ ಬರುವುದನ್ನೇ ಬಿಟ್ಟ ಪಕ್ಕದ ಮನೆಯ ಅಜ್ಜನ ಬಗ್ಗೆ. ಒಂದು ನಿಮಿಷ, ಒಂದೂ ತಡವರಿಕೆಯಿಲ್ಲ. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ಮುಗಿದ ಮೇಲೆ ಅಧಿಕಾರಿ, “ನಮ್ಮ ಗಮನಕ್ಕೆ ಬಂದಿದೆ ಅಮ್ಮಾ,” ಎಂದರು. ಕತ್ತರಿ ಅಭ್ಯಾಸಬಲದಿಂದ ಅದನ್ನು ಎತ್ತಿಟ್ಟುಕೊಂಡ.

“ಯಾಕೆ ಕತ್ತರಿಸಿದ್ರಿ?” ಎಂದು ನಿರ್ದೇಶಕರು ಕೇಳಿದರು.

“ಬಟನ್ ಅಂದ್ರು ಸಾರ್.”

“ಒಳ್ಳೇದು ಮಾಡಿದ್ರಿ,” ಎಂದರು.

ಹೊರಗೆ ಬಂದ ಅಕ್ಕನ ಮುಖ ಬೆಳಗುತ್ತಿತ್ತು. “ಹೇಳಿಬಿಟ್ಟೆ ಕಣೇ. ಬೈತೀಯೇನೋ ಅಂತ ಭಯ ಇತ್ತು. ಊರೆಲ್ಲ ಕೇಳಿತಲ್ಲ, ಇನ್ನು ತೆಗೆಯದೆ ಇರೋಕಾಗುತ್ತಾ ಅವರಿಗೆ?”

ನಾನು ಆಟೋ ಕರೆದೆ.

ಶನಿವಾರ, ಭಾನುವಾರ ಅವಳು ಮನೆಯಲ್ಲಿ ಗುನುಗುತ್ತಾ ಓಡಾಡಿದಳು. ಸೋಮವಾರ ಒಂಬತ್ತೂವರೆಗೆ ಊಟದ ಡಬ್ಬಿ ಕಟ್ಟಿಕೊಂಡು ಹೊರಟಾಗ ಜೊತೆಗೆ ಹೋದೆ. ತಗಡು ಹಾಗೇ ಇತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

“ಇವತ್ತು ಬರ್ತಾರೆ ಬಿಡು,” ಎಂದಳು. “ಅಲ್ಲೀತನಕ ಗಾಡಿಯವರೇ ನಿಲ್ಲಿಸ್ತಾರೆ. ರೇಡಿಯೋ ಕೇಳಿರ್ತಾರಲ್ಲ.”

ಹಾಗೆ ಹೇಳಿ ಊರುಗೋಲನ್ನು ರಸ್ತೆಗೆ ಊರಿದಳು, ಹಿಂದೆಯೇ ಕಾಲನ್ನೂ ಇಟ್ಟಳು. ಲಾರಿಯೊಂದು ಕೂಗಿಕೊಂಡು ಬಂತು. ತೋಳು ಹಿಡಿದು ಎಳೆದೆ. ಇಬ್ಬರೂ ಕಂಬಕ್ಕೆ ತಾಗಿ ನಿಂತೆವು.

“ಯಾರೂ ಕೇಳಿಲ್ಲ ಅಕ್ಕಾ,” ಎಂದೆ. “ನಾನೇ ಕತ್ತರಿಸಿದೆ.”

ಅವಳು ನನ್ನನ್ನೇ ನೋಡಿದಳು. “ಎಲ್ಲಾನೂ ಕತ್ತರಿಸಿದೆಯಾ?”

“ಬಟನ್ನು ಅಂದೆಯಲ್ಲ, ಅಲ್ಲಿಂದ.”

“ಧನ್ಯವಾದ ಹೇಳಿದ್ದು?”

“ಅದು ಹೋಯ್ತು. ಅದು ಎಲ್ರಿಗೂ ಕೇಳಿಸ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಎಡಗೈಗೆ ಬದಲಿಸಿ, ನಡಿ ಎನ್ನುವಂತೆ ಗಲ್ಲದಿಂದ ರಸ್ತೆ ತೋರಿಸಿದಳು. ನಾನು ಮುಂದೆ ಹೋಗಿ ಎರಡೂ ಕೈಯೆತ್ತಿ ಗಾಡಿಗಳ ಎದುರು ನಿಂತೆ. ಹಾರ್ನ್ ಹೊಡೆದರು. ಸಾಯೋಕೆ ಬೇರೆ ಜಾಗ ಸಿಗಲಿಲ್ಲವಾ ಎಂದು ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ. ಅಕ್ಕ ನನ್ನ ಕೈ ಹಿಡಿಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ತನ್ನ ನಡಿಗೆಯಲ್ಲೇ ದಾಟಿದಳು.

ಆಸ್ಪತ್ರೆಯ ಗೇಟಿನ ಹತ್ತಿರ ನಿಂತು, “ಸಂಜೆ ಐದೂವರೆಗೆ ಬಾ,” ಎಂದಳು.

“ಐದರಿಂದ ಆರರವರೆಗೆ ಕಾರ್ಯಕ್ರಮ ಇರುತ್ತೆ ಅಕ್ಕಾ.”

“ಗೊತ್ತು,” ಎಂದಳು. “ದಿನಾ ಬಾ.”

ಊರುಗೋಲು ಊರಿಕೊಂಡು ಒಳಗೆ ಹೋದಳು.